ಹಾಸನದ ನಿಲ್ದಾಣಕ್ಕೆ ನಾಲ್ಕು ದಿಕ್ಕು ಸಿಕ್ಕ ಬಗೆ

ಹಾಸನದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಲು ಮೂರು ದಾರಿಗಳಿವೆ. ಅರಸೀಕೆರೆ, ತಿಪಟೂರು, ತುಮಕೂರಿನ ಮೇಲೆ ಹೋಗಬಹುದು. ಹೊಳೆನರಸೀಪುರ, ಮೈಸೂರು, ಮಂಡ್ಯ ಸುತ್ತಿಕೊಂಡು ಹೋಗಬಹುದು. ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲದ ಮೇಲೆ ನೇರವಾಗಿಯೂ ಹೋಗಬಹುದು. ಒಂದೇ ಊರಿಗೆ ಮೂರು ದಾರಿ ಇರುವುದು ಅನುಕೂಲವೇ. ಆದರೆ ಹೊಸಬರಿಗೆ ಗೊಂದಲ. ಬೆಂಗಳೂರಿನ ಗಾಡಿ ಯಾವ ಕಡೆಯಿಂದ ಬರುತ್ತದೆ ಎಂದು ಕೇಳಿ ನೋಡಿ, ಪ್ಲಾಟ್‌ಫಾರಂನಲ್ಲಿ ಕಡಲೆಕಾಯಿ ಬಿಡಿಸುತ್ತ ಕುಳಿತ ಹಿರಿಯರು ‘ಯಾವ ಬೆಂಗಳೂರಿನ ಗಾಡಿ?’ ಎಂದು ಮರುಪ್ರಶ್ನೆ ಹಾಕುತ್ತಾರೆ. ಬೆಂಗಳೂರುಗಳು ಎಷ್ಟಿವೆ ಎಂದು ಕೇಳಿದವರೇ ತಬ್ಬಿಬ್ಬಾಗಬೇಕು.

ಹಳೆಯ ನಿಲ್ದಾಣದ ಚರಿತ್ರೆ ಬೇಕೆಂದರೆ ನಾವು ಸಾಮಾನ್ಯವಾಗಿ ಕಟ್ಟಡ ನೋಡುತ್ತೇವೆ. ಕಲ್ಲಿನ ಕಮಾನು ಇದೆಯೇ, ಹಿತ್ತಾಳೆಯ ಗಂಟೆ ಉಳಿದಿದೆಯೇ ಎಂದು ಹುಡುಕುತ್ತೇವೆ. ಹಾಸನದ ಮಟ್ಟಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಕಟ್ಟಡಕ್ಕೆ ಬಣ್ಣ ಬಳಿಯುತ್ತಾರೆ, ಒಡೆಯುತ್ತಾರೆ, ಮತ್ತೆ ಕಟ್ಟುತ್ತಾರೆ. ಹಳಿ ಹೋಗುವ ದಿಕ್ಕನ್ನು ಮಾತ್ರ ಯಾರೂ ಸುಲಭವಾಗಿ ಬದಲಿಸುವುದಿಲ್ಲ. ಹಾಸನದಿಂದ ಹೊರಡುವ ಹಳಿಗಳಲ್ಲಿ ಉತ್ತರದ ಅರಸೀಕೆರೆಗೂ ದಕ್ಷಿಣದ ಮೈಸೂರಿಗೂ ಹೋಗುವುದು ಒಂದನೇ ಮಹಾಯುದ್ಧದ ಕಾಲದ್ದು. ಪಶ್ಚಿಮದ ಸಕಲೇಶಪುರದ ಕಡೆಯದು 1970ರ ದಶಕದ್ದು. ಪೂರ್ವದ ಶ್ರವಣಬೆಳಗೊಳದ ಕಡೆಯದು ಈ ಶತಮಾನದ್ದು. ಒಂದೊಂದನ್ನು ಒಂದೊಂದು ಕಾಲ ತನ್ನದೇ ಅವಸರಕ್ಕೆ ಹಾಕಿತು, ಮತ್ತು ಆ ಅವಸರಗಳಲ್ಲಿ ಹಾಸನದ ಪ್ರಯಾಣಿಕ ಬಹುಕಾಲ ಲೆಕ್ಕಕ್ಕೇ ಇರಲಿಲ್ಲ.

ಬರಗಾಲ ಹಾಕಿದ ಹಳಿ

ಹಾಸನಕ್ಕೆ ರೈಲು ಬರುವ ಮೊದಲು ಅದು ಹಾಸನವನ್ನು ತಪ್ಪಿಸಿಕೊಂಡು ಹೋಯಿತು. ಕತೆ ಅಲ್ಲಿಂದಲೇ ಆರಂಭವಾಗಬೇಕು.

ಮೈಸೂರು ಸೀಮೆಗೆ ಮೊದಲ ರೈಲು ಬಂದದ್ದು 1864ರಲ್ಲಿ, ಮದರಾಸಿನ ಕಡೆಯಿಂದ ಜೋಲಾರಪೇಟೆಯ ಮೇಲೆ ಬೆಂಗಳೂರು ದಂಡುಪ್ರದೇಶಕ್ಕೆ. ಅದು ಅಲ್ಲಿಗೇ ನಿಂತುಬಿಟ್ಟಿತು. ಹನ್ನೆರಡು ವರ್ಷಗಳ ನಂತರ, 1876ರಿಂದ 78ರವರೆಗೆ, ಹಿಂದೆಂದೂ ಕಾಣದ ಬರಗಾಲ ಬಂತು. ರೈಲಿನಲ್ಲಿ ಬೆಂಗಳೂರಿನವರೆಗೆ ಧಾನ್ಯ ಬರುತ್ತಿತ್ತು. ಅಲ್ಲಿಂದ ಒಳನಾಡಿಗೆ ಸಾಗಿಸಬೇಕಾದ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ಮೂಟೆ ಇದ್ದಲ್ಲಿ ಹಸಿದವರಿಲ್ಲ, ಹಸಿದವರಿದ್ದಲ್ಲಿ ಮೂಟೆ ಇಲ್ಲ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಎಣಿಕೆಯಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು.

1881ರಲ್ಲಿ ಆಡಳಿತ ಮತ್ತೆ ಒಡೆಯರ ಕೈಗೆ ಬಂದಾಗ ಸಂಸ್ಥಾನದ ಬೊಕ್ಕಸದ ಮೇಲೆ ಬರಗಾಲದ ಸಾಲವಿತ್ತು, ತಲೆಯ ಮೇಲೆ ಬರಗಾಲದ ನೆನಪಿತ್ತು. ಹಣವಿಲ್ಲ, ರೈಲು ಬೇಕು. ಇದಕ್ಕೆ ಆ ಕಾಲ ಕಂಡುಕೊಂಡಿದ್ದ ಉತ್ತರ ಮೀಟರ್ ಗೇಜ್. ಗೇಜ್ ಎಂದರೆ ಎರಡು ಕಂಬಿಗಳ ನಡುವಿನ ಅಂತರ. ಮದರಾಸಿನ ರೈಲು ಓಡುತ್ತಿದ್ದ ಬ್ರಾಡ್ ಗೇಜಿನಲ್ಲಿ ಈ ಅಂತರ 1,676 ಮಿಲಿಮೀಟರ್. ಮೀಟರ್ ಗೇಜಿನಲ್ಲಿ ಹೆಸರೇ ಹೇಳುವಂತೆ 1,000 ಮಿಲಿಮೀಟರ್. ಅಂತರ ಕಡಿಮೆಯಾದರೆ ಎಲ್ಲವೂ ಕಡಿಮೆಯಾಗುತ್ತದೆ. ಬೇಕಾಗುವ ಜಾಗ, ಸೇತುವೆಯ ಅಗಲ, ಕಂಬಿಯ ತೂಕ, ಕೊನೆಗೆ ಖರ್ಚು. ಸಾಗಿಸುವ ಹೊರೆಯೂ ಕಡಿಮೆಯಾಗುತ್ತದೆ, ಆದರೆ ಅದು ಮುಂದಿನ ತಲೆಮಾರಿನ ತಲೆನೋವು. ಆ ತಲೆನೋವು ನೂರು ವರ್ಷದ ನಂತರ ಹಾಸನಕ್ಕೆ ಎಷ್ಟು ದುಬಾರಿಯಾಯಿತು ಎಂಬುದನ್ನು ಮುಂದೆ ನೋಡೋಣ.

ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ಹಳಿ 1882ರಲ್ಲಿ ಮುಟ್ಟಿತು. 1884ರಲ್ಲಿ ಇನ್ನೊಂದು ಕವಲು ತುಮಕೂರಿಗೂ ಗುಬ್ಬಿಗೂ ಹೋಯಿತು. ಅಲ್ಲಿಗೆ ಕೈಯಲ್ಲಿದ್ದ ಹಣ ಮುಗಿಯಿತು. ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1886ರಲ್ಲಿ, ಹಳಿಗಳನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸಿ, ಅದು ಇಂಗ್ಲೆಂಡಿನಲ್ಲಿ ಎತ್ತಿದ ಸಾಲದಿಂದ ಗುಬ್ಬಿಯಿಂದ ಹರಿಹರದವರೆಗಿನ ದಾರಿ ಪೂರ್ಣವಾಯಿತು. 1889ರಲ್ಲಿ ತಿಪಟೂರು, ಅರಸೀಕೆರೆ, ಕಡೂರು, ಬೀರೂರುಗಳ ಮೇಲೆ ಗಾಡಿ ಓಡಿತು.

ಈಗ ಭೂಪಟ ತೆರೆದು ನೋಡಿ. ಆ ದಾರಿ ಬಯಲುಸೀಮೆಯ ಅಂಚಿನಲ್ಲೇ ಸಾಗುತ್ತದೆ. ಎಡಗಡೆಗೆ ಸ್ವಲ್ಪ ವಾಲಿದ್ದರೂ ಮಲೆನಾಡಿನ ಸೆರಗು ಸಿಗುತ್ತಿತ್ತು, ವಾಲಲಿಲ್ಲ. ಮೊದಲನೆಯ ಕಾರಣ ನೆಲ. ದೊಡ್ಡ ಹೊಳೆ ದಾಟಬೇಕಿಲ್ಲದ, ಗುಡ್ಡ ಕಡಿಯಬೇಕಿಲ್ಲದ ಎತ್ತರದ ಬಯಲಿನಲ್ಲಿ ಹಳಿ ಹಾಸುವುದು ಅಗ್ಗ. ಎರಡನೆಯದು ಬರ. ಬರಗಾಲಕ್ಕೆ ಮದ್ದಾಗಿ ಹಾಕುವ ರೈಲು ಬರ ಬೀಳುವ ಕಡೆ ಹೋಗಬೇಕಲ್ಲದೆ ಹೇಮಾವತಿಯ ದಂಡೆಗಲ್ಲ. ಮೂರನೆಯದು ಸಾಲ ಕೊಟ್ಟ ಕಂಪನಿ. ಅದರ ಕಣ್ಣು ಹುಬ್ಬಳ್ಳಿ, ಪುಣೆಯ ಕಡೆಗಿತ್ತು, ಸಾಧ್ಯವಾದಷ್ಟು ನೇರವಾಗಿ ಹರಿಹರ ಮುಟ್ಟಿದರೆ ಅದಕ್ಕೆ ಸಾಕಿತ್ತು. ಈ ಮೂರು ಕಾರಣಗಳಲ್ಲಿ ಯಾವುದಕ್ಕೂ ಹಾಸನವೂ ಬೇಕಿರಲಿಲ್ಲ, ಚಿಕ್ಕಮಗಳೂರೂ ಬೇಕಿರಲಿಲ್ಲ.

ಹೀಗೆ ಎರಡು ಜಿಲ್ಲಾ ಕೇಂದ್ರಗಳು ಪಕ್ಕಕ್ಕುಳಿದು, ಅರಸೀಕೆರೆ ಮತ್ತು ಕಡೂರು ಅವುಗಳ ರೈಲು ಬಾಗಿಲುಗಳಾದವು. ಹಾಸನದವರು ರೈಲು ಹಿಡಿಯಬೇಕೆಂದರೆ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ಗಾಡಿಯಲ್ಲಿ ಅರಸೀಕೆರೆಗೆ ಹೋಗಬೇಕು. ಚಿಕ್ಕಮಗಳೂರಿನವರು ಹೆಚ್ಚುಕಡಿಮೆ ಅಷ್ಟೇ ದೂರ ಕಡೂರಿಗೆ. ಅರಸೀಕೆರೆಯ ಸಂತೆ ಬೆಳೆದದ್ದು, ಕೊಬ್ಬರಿ ವ್ಯಾಪಾರ ಅಲ್ಲಿ ಗಟ್ಟಿಯಾದದ್ದು ಈ ಲೆಕ್ಕದಲ್ಲೇ. ಇವತ್ತಿಗೂ ಜಿಲ್ಲೆಯಲ್ಲಿ ಹಳಬರ ಬಾಯಲ್ಲಿ ‘ಜಂಕ್ಷನ್’ ಎಂದರೆ ಮೊದಲು ಅರಸೀಕೆರೆಯೇ. ಹಾಸನದ ಹೆಸರು ಆಮೇಲೆ ಬರುತ್ತದೆ.

ತ್ರಿಕೋನದ ಮೂರನೆಯ ಗೆರೆ

ಹಾಸನದ ನಿಲ್ದಾಣ ಹುಟ್ಟಿದ್ದು ಮೈಸೂರು–ಅರಸೀಕೆರೆ ದಾರಿಯೊಂದಿಗೆ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಅವಧಿಯ ಕೊನೆಯ ಹೊತ್ತಿಗೆ. ಅವರು ದಿವಾನರಾಗಿದ್ದದ್ದು 1912ರಿಂದ 1918ರವರೆಗೆ. ಈ ದಾರಿ ಪೂರ್ಣವಾದದ್ದೂ 1918ರ ವೇಳೆಗೆ.

ಈ ದಾರಿಯ ತರ್ಕ ಅರ್ಥವಾಗಲು ಒಂದು ತ್ರಿಕೋನ ಬರೆದುಕೊಳ್ಳಿ. ಒಂದು ಮೂಲೆಯಲ್ಲಿ ಬೆಂಗಳೂರು, ಇನ್ನೊಂದರಲ್ಲಿ ಮೈಸೂರು, ಮತ್ತೊಂದರಲ್ಲಿ ಅರಸೀಕೆರೆ. ಬೆಂಗಳೂರು–ಮೈಸೂರು ಗೆರೆ ಇತ್ತು, ಬೆಂಗಳೂರು–ಅರಸೀಕೆರೆ ಗೆರೆಯೂ ಇತ್ತು. ಮೈಸೂರಿನಿಂದ ಅರಸೀಕೆರೆಗೆ, ಅಂದರೆ ಹರಿಹರ, ಹುಬ್ಬಳ್ಳಿಯ ಕಡೆಗೆ ಹೋಗಬೇಕಾದವರು ಬೆಂಗಳೂರಿಗೆ ಹೋಗಿ ತಿರುಗಿ ಬರಬೇಕಿತ್ತು. ಆ ಸುತ್ತು ಸುಮಾರು 300 ಕಿಲೋಮೀಟರ್. ನೇರ ಹಳಿ ಹಾಕಿದರೆ 166 ಕಿಲೋಮೀಟರ್. ತ್ರಿಕೋನದ ಮೂರನೆಯ ಗೆರೆ ಎಳೆದದ್ದು ಈ ಸುತ್ತು ತಪ್ಪಿಸಲಿಕ್ಕೆ. ಆ ಗೆರೆ ಹಾದುಹೋಗುವ ದಾರಿಯಲ್ಲಿ, ಮೈಸೂರಿನಿಂದ 119 ಮತ್ತು ಅರಸೀಕೆರೆಯಿಂದ 47 ಕಿಲೋಮೀಟರ್ ದೂರದಲ್ಲಿ, ಹಾಸನ ಇತ್ತು. ಜಿಲ್ಲಾ ಕೇಂದ್ರವೊಂದನ್ನು ಪೋಣಿಸಿಕೊಂಡು ಹೋದರೆ ಲಾಭವೇ ಹೊರತು ನಷ್ಟವಿರಲಿಲ್ಲ.

ಅರಸರಿಗೂ ದಿವಾನರಿಗೂ ಇನ್ನೊಂದು ಲೆಕ್ಕವಿತ್ತು. ಸಂಸ್ಥಾನದ ಮುಖ್ಯ ರೈಲು ದಾರಿ ಕಂಪನಿಯ ಕೈಯಲ್ಲಿತ್ತು. ದರ, ಸಮಯ, ಗಾಡಿ ಎಲ್ಲವನ್ನೂ ಕಂಪನಿ ತೀರ್ಮಾನಿಸುತ್ತಿತ್ತು. ತಮ್ಮದೇ ಹಳಿ, ತಮ್ಮದೇ ಗಾಡಿ ಇರಬೇಕು ಎಂಬ ಛಲ ಮೈಸೂರಿನ ಆಡಳಿತಕ್ಕೆ ಆ ಕಾಲದಲ್ಲಿ ಬಲವಾಗಿತ್ತು. ಭಟ್ಕಳದಲ್ಲಿ ಸಂಸ್ಥಾನಕ್ಕೊಂದು ಬಂದರು ಬೇಕೆಂದು ವಿಶ್ವೇಶ್ವರಯ್ಯನವರು ಬಯಸಿದ್ದೂ ಇದೇ ಮನೋಧರ್ಮದಿಂದ. ಬಂದರು ಆಗಲಿಲ್ಲ, ರೈಲು ಆಯಿತು.

ಈ ದಾರಿಯ ಊರುಗಳ ಹೆಸರುಗಳನ್ನು ಒಮ್ಮೆ ಓದಿಕೊಳ್ಳಬೇಕು: ಸಾಗರಕಟ್ಟೆ, ಕೃಷ್ಣರಾಜನಗರ, ಹೊಳೆನರಸೀಪುರ, ಮಾವಿನಕೆರೆ, ಹಾಸನ, ಕೋರವಂಗಲ, ಬಾಗೇಶಪುರ, ಹಾರನಹಳ್ಳಿ, ಅರಸೀಕೆರೆ. ಕಟ್ಟೆ, ಹೊಳೆ, ಕೆರೆ, ಮತ್ತೆ ಕೆರೆ. ಬರಗಾಲದ ಹಳಿ ತಪ್ಪಿಸಿದ್ದ ನೀರಿನ ಸೀಮೆಯನ್ನು ಈ ಹಳಿ ನೇರವಾಗಿ ದಾಟಿತು. ಸಾಗರಕಟ್ಟೆಯಲ್ಲಿ ಗಾಡಿ ಕೃಷ್ಣರಾಜಸಾಗರದ ಹಿನ್ನೀರಿನ ಮೇಲೆ ಹೋಗುತ್ತದೆ. ಹೊಳೆನರಸೀಪುರದಲ್ಲಿ ಹೇಮಾವತಿಯನ್ನು ದಾಟುತ್ತದೆ. ಮಳೆಗಾಲದಲ್ಲಿ ಕಿಟಕಿಯ ಪಕ್ಕದ ಜಾಗಕ್ಕೆ ಜಗಳವಾಡಲು ಯೋಗ್ಯವಾದ ದಾರಿ ಇದು. ಪ್ರವಾಸಿಗರೆಲ್ಲ ಸಕಲೇಶಪುರದ ಘಾಟಿಯನ್ನೇ ಹೊಗಳುವುದರಿಂದ ಇದಕ್ಕೆ ಸಿಗಬೇಕಾದ ಹೆಸರು ಸಿಕ್ಕಿಲ್ಲ ಎಂಬುದು ನನ್ನ ಹಳೆಯ ದೂರು.

ಮುಂದಿನ ಐವತ್ತು ವರ್ಷಗಳ ಬಗ್ಗೆ ಹೇಳುವುದು ಕಡಿಮೆ. ಸಂಸ್ಥಾನ ಹೋಯಿತು, ಮೈಸೂರು ರೈಲ್ವೆ 1950ರಲ್ಲಿ ಕೇಂದ್ರದ ಕೈಸೇರಿ, 1951ರ ಏಪ್ರಿಲ್ 14ರಂದು ಹುಟ್ಟಿದ ದಕ್ಷಿಣ ರೈಲ್ವೆಯಲ್ಲಿ ಬೆರೆಯಿತು. ಹಾಸನ ಆಗ ಜಂಕ್ಷನ್ ಆಗಿರಲಿಲ್ಲ. ಜಂಕ್ಷನ್ ಎನ್ನಲು ಕನಿಷ್ಠ ಮೂರು ಕಡೆಗೆ ಹಳಿ ಕವಲೊಡೆಯಬೇಕು. ಇಲ್ಲಿ ಬಂದ ಗಾಡಿ ಒಂದೋ ಮೇಲಕ್ಕೆ, ಇಲ್ಲವೇ ಕೆಳಕ್ಕೆ ಹೋಗುತ್ತಿತ್ತು. ಆಲೂಗಡ್ಡೆ, ಕಾಫಿ, ತೆಂಗು ಹೇರಿಕೊಂಡು ಹೋಗುವ ಒಂದು ಮಧ್ಯದ ಸ್ಟೇಷನ್, ಅಷ್ಟೆ.

ಘಟ್ಟ ಇಳಿಯುವುದು ಏಕೆ ಕಷ್ಟ

ಹಾಸನದಿಂದ ಪಶ್ಚಿಮಕ್ಕೆ ಹಳಿ ಬೇಕೆನ್ನುವುದು ಯಾರಿಗಾದರೂ ಹೊಳೆಯುವ ವಿಷಯ. ಸಕಲೇಶಪುರದ ಸುತ್ತಲಿನ ಮಂಜರಾಬಾದ್ ಸೀಮೆಯ ಕಾಫಿ, ಏಲಕ್ಕಿ, ಮೆಣಸು ಶತಮಾನಗಳಿಂದ ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತಿದ್ದವು. ಮಂಗಳೂರಿನಿಂದ ಉಪ್ಪು, ಹಂಚು, ಒಣಮೀನು ಹತ್ತಿ ಬರುತ್ತಿದ್ದವು. ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತು, ಆದರೆ ಕೇರಳದ ಕಡೆಯಿಂದ. ಹೀಗಾಗಿ ಪಕ್ಕದ ಜಿಲ್ಲೆಗಳಾದ ಹಾಸನಕ್ಕೂ ಮಂಗಳೂರಿಗೂ ರೈಲಿನ ಲೆಕ್ಕದಲ್ಲಿ ನಂಟೇ ಇರಲಿಲ್ಲ. ಇಲ್ಲಿಂದ ಅಲ್ಲಿಗೆ ರೈಲಿನಲ್ಲೇ ಹೋಗುತ್ತೇನೆ ಎಂದು ಹಟ ಹಿಡಿದವನು ಬೆಂಗಳೂರು, ಜೋಲಾರಪೇಟೆ, ಪಾಲಕ್ಕಾಡು, ಶೊರನೂರು ಎಲ್ಲವನ್ನೂ ನೋಡಿಕೊಂಡು ಹೋಗಬೇಕಿತ್ತು.

ಅಡ್ಡಿಯಾಗಿದ್ದದ್ದು ಘಟ್ಟ. ಬಸ್ಸು ಹತ್ತುವ ಘಟ್ಟವನ್ನು ರೈಲು ಏಕೆ ಹತ್ತಲಾರದು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹಾಸನದ ಅರ್ಧ ರೈಲು ಚರಿತ್ರೆ ಇದರಲ್ಲೇ ಇದೆ.

ಬಸ್ಸಿನ ರಬ್ಬರ್ ಚಕ್ರ ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ. ರೈಲಿನ ಉಕ್ಕಿನ ಚಕ್ರ ಉಕ್ಕಿನ ಕಂಬಿಯ ಮೇಲೆ ಉರುಳುತ್ತದೆ, ಎರಡೂ ನುಣುಪು. ಸಮತಟ್ಟಿನಲ್ಲಿ ಈ ನುಣುಪೇ ರೈಲಿನ ಬಂಡವಾಳ. ಒಂದು ಟನ್ ಹೊರೆಯನ್ನು ಉರುಳಿಸಲು ಎರಡು ಮೂರು ಕಿಲೋ ಭಾರದಷ್ಟು ಎಳೆತ ಸಾಕಾಗುತ್ತದೆ. ಅದೇ ಹಳಿ 50 ಮೀಟರಿಗೆ 1 ಮೀಟರ್ ಏರಿದರೆ, ಒಂದೊಂದು ಟನ್ನೂ 20 ಕಿಲೋ ಭಾರದಷ್ಟು ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಸಾವಿರ ಟನ್ನಿನ ಗೂಡ್ಸ್ ಗಾಡಿಯಾದರೆ ಹಿಂಜಗ್ಗುವುದು 20 ಟನ್. ಕಣ್ಣಿಗೆ ಇಳಿಜಾರೇ ಅಲ್ಲವೆನ್ನಿಸುವ ಈ ‘ಐವತ್ತಕ್ಕೆ ಒಂದು’ ರೈಲಿನ ಮಟ್ಟಿಗೆ ಕಡಿದಾದ ಗುಡ್ಡ. ಮಳೆಯಲ್ಲಿ ಕಂಬಿ ಒದ್ದೆಯಾದರೆ ಚಕ್ರ ನಿಂತಲ್ಲೇ ಸುತ್ತುತ್ತದೆ. ಅದಕ್ಕೆಂದೇ ಎಂಜಿನ್ನುಗಳು ಚಕ್ರದ ಮುಂದೆ ಮರಳು ಉದುರಿಸುವ ಏರ್ಪಾಡು ಇಟ್ಟುಕೊಂಡಿರುತ್ತವೆ.

ಈಗ ಸಕಲೇಶಪುರದ ಲೆಕ್ಕ ಹಾಕಿ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಘಟ್ಟದ ಬುಡದ ಸುಬ್ರಹ್ಮಣ್ಯ ರೋಡ್ ನಿಲ್ದಾಣ, ಅಂದರೆ ನೆಟ್ಟಣ, ನೂರು ಮೀಟರಿನ ಆಸುಪಾಸಿನಲ್ಲಿದೆ. ಇಳಿಯಬೇಕಾದದ್ದು 800 ಮೀಟರ್. ಐವತ್ತಕ್ಕೆ ಒಂದರಂತೆ ಇಳಿದರೂ ಕನಿಷ್ಠ 40 ಕಿಲೋಮೀಟರ್ ಹಳಿ ಬೇಕು. ಹಕ್ಕಿ ಹಾರುವ ದೂರ ಅಷ್ಟಿಲ್ಲ. ಉಳಿದ ಉದ್ದವನ್ನು ಗುಡ್ಡದ ಮೈಸುತ್ತಿ ಸಂಪಾದಿಸಬೇಕು. ಗುಡ್ಡದ ಮೂಗು ಅಡ್ಡ ಬಂದಲ್ಲಿ ಸುರಂಗ, ತೊರೆ ಸೀಳಿದಲ್ಲಿ ಸೇತುವೆ. ಹೀಗೆ ಲೆಕ್ಕ ಸರಿಹೋಗುವ ಹೊತ್ತಿಗೆ ಘಟ್ಟದ ಹಾದಿ 55 ಕಿಲೋಮೀಟರ್ ಆಯಿತು, ಅದರಲ್ಲಿ 57 ಸುರಂಗಗಳಾದವು. ಕಿಲೋಮೀಟರಿಗೊಂದಕ್ಕಿಂತ ಹೆಚ್ಚು.

ಇಷ್ಟು ಖರ್ಚು ಮಾಡಲು ಕಾಫಿಯ ಮೂಟೆ ಸಾಲುತ್ತಿರಲಿಲ್ಲ. ಬಲವಾದ ಕಾರಣ ಸಿಕ್ಕಿದ್ದು ಸ್ವಾತಂತ್ರ್ಯದ ನಂತರ, ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟುವ ತೀರ್ಮಾನವಾದಾಗ. ಬಂದರಿಗೆ ಒಳನಾಡಿನ ಅದಿರು ಬರಬೇಕು, ಬಂದರಿನಿಂದ ಒಳನಾಡಿಗೆ ಗೊಬ್ಬರ ಹೋಗಬೇಕು. ಹಳಿಯಿಲ್ಲದ ಬಂದರು ಬಾಗಿಲಿಲ್ಲದ ಉಗ್ರಾಣದಂತೆ. 1960ರ ದಶಕದಲ್ಲಿ ಹಾಸನ–ಮಂಗಳೂರು ದಾರಿಯ ಕೆಲಸ ಆರಂಭವಾಯಿತು. 1974ರಲ್ಲಿ ಬಂದರು ದೇಶದ ಪ್ರಮುಖ ಬಂದರುಗಳ ಪಟ್ಟಿ ಸೇರಿದಾಗಲೂ ಘಟ್ಟದಲ್ಲಿ ಬಂಡೆ ಸಿಡಿಸುವುದು ನಡೆದೇ ಇತ್ತು. ಹಾಸನದಿಂದ ಆಲೂರು, ಬಾಳ್ಳುಪೇಟೆ, ಸಕಲೇಶಪುರದವರೆಗಿನ ಭಾಗ 1976ರಲ್ಲಿ ತೆರೆಯಿತು. 189 ಕಿಲೋಮೀಟರಿನ ಇಡೀ ದಾರಿ 1979ರಲ್ಲಿ. ಹಾಸನ ಜಂಕ್ಷನ್ ಆದದ್ದು ಹೀಗೆ, ಬೇರೊಂದು ಜಿಲ್ಲೆಯ ಬಂದರಿನ ಹಂಗಿನಲ್ಲಿ.

ಇದರಲ್ಲೊಂದು ವಿನೋದವಿದೆ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಅದಿರು ರೈಲನ್ನು ಕಾಯಲೇ ಇಲ್ಲ. ಅದನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಹರಿಸಿದರು. ಘಟ್ಟ ಇಳಿಯಲು ಕಬ್ಬಿಣಕ್ಕೆ ಕಬ್ಬಿಣದ ದಾರಿಗಿಂತ ನೀರೇ ಸಲೀಸಾಯಿತು.

ಕೆಲಸದ ಕಷ್ಟ ತಿಳಿಯಬೇಕಾದರೆ ಆ ನಡುವಿನ ನಿಲ್ದಾಣಗಳನ್ನು ನೋಡಬೇಕು. ಸಕಲೇಶಪುರ ಬಿಟ್ಟರೆ ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು, ಆಮೇಲೆ ಸುಬ್ರಹ್ಮಣ್ಯ ರೋಡ್. ದೋಣಿಗಾಲಿನ ಬಳಿ, ಟಿಪ್ಪು ಕಟ್ಟಿಸಿದ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆಯ ಬುಡದಲ್ಲಿ, ಹೆದ್ದಾರಿಯೂ ಹಳಿಯೂ ಇನ್ನೂ ನೆರೆಹೊರೆ. ಎಡಕುಮೇರಿಯ ಹೊತ್ತಿಗೆ ಹಳಿ ಕಾಡಿನ ಪಾಲಾಗಿರುತ್ತದೆ. ಅಲ್ಲಿ ಟಿಕೆಟ್ ಕೊಳ್ಳುವ ಊರಿಲ್ಲ. ನಿಲ್ದಾಣ ಇರುವುದು ಎದುರುಬದುರಿನ ಗಾಡಿಗಳು ಒಂದನ್ನೊಂದು ದಾಟಲು, ಬ್ರೇಕು ಪರೀಕ್ಷಿಸಲು, ಎಂಜಿನ್ ದಣಿವಾರಿಸಿಕೊಳ್ಳಲು. ಕೆಲಸದವರಿಗೆ ಅಕ್ಕಿ ಬೇಳೆಯೂ ಗಾಡಿಯಲ್ಲೇ ಬರಬೇಕು.

ಹತ್ತುವುದಕ್ಕಿಂತ ಇಳಿಯುವುದು ಅಪಾಯ ಎಂದು ಗೂಡ್ಸ್ ಓಡಿಸುವವರು ಹೇಳುತ್ತಾರೆ. ಹತ್ತುವಾಗ ಶಕ್ತಿ ಸಾಲದಿದ್ದರೆ ಗಾಡಿ ನಿಲ್ಲುತ್ತದೆ. ಇಳಿಯುವಾಗ ಬ್ರೇಕು ಸಾಲದಿದ್ದರೆ ನಿಲ್ಲುವುದಿಲ್ಲ. ಆದ್ದರಿಂದ ಘಾಟಿಯಲ್ಲಿ ಗಾಡಿಗಳ ವೇಗ ಗಂಟೆಗೆ 30 ಕಿಲೋಮೀಟರಿನ ಆಸುಪಾಸಿಗೆ ಕಟ್ಟುಬಿದ್ದಿರುತ್ತದೆ; ಭಾರದ ಗಾಡಿಗಳಿಗೆ ಹೆಚ್ಚುವರಿ ಎಂಜಿನ್ ಸೇರಿಸುತ್ತಾರೆ. ಇವುಗಳಿಗೆ ‘ಬ್ಯಾಂಕರ್’ ಎಂದು ಹೆಸರು, ಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಹತ್ತುವಾಗ ನೂಕುವುದು, ಇಳಿಯುವಾಗ ತಡೆಯುವುದು ಅದರ ಕೆಲಸ. ಘಾಟಿ ದಾರಿಗಳಲ್ಲಿ ಹತೋಟಿ ತಪ್ಪಿದ ಗಾಡಿಯನ್ನು ತಿರುಗಿಸಿ ನಿಲ್ಲಿಸಲೆಂದೇ ಗುಡ್ಡದ ಮೇಲಕ್ಕೆ ಏರಿ ಅಲ್ಲೇ ಮುಗಿಯುವ ಕುರುಡು ಹಳಿಗಳಿರುತ್ತವೆ. ಎಲ್ಲಿಗೂ ಹೋಗದ ಆ ಹಳಿ ಜೀವ ಉಳಿಸುವ ಹಳಿ.

ಹನ್ನೊಂದು ವರ್ಷ ಮುಚ್ಚಿದ ಬಾಗಿಲು

ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ, ಕೆಲವು ದಿನ ತೆರೆಯುತ್ತದೆ. ನಮಗೆ ಕಾದು ಅಭ್ಯಾಸವಿದೆ. ಹಾಗೆಂದೇ ಇರಬೇಕು, ಹಾಸನದ ಪಶ್ಚಿಮದ ರೈಲು ಬಾಗಿಲು 1996ರಲ್ಲಿ ಮುಚ್ಚಿದಾಗ ದೊಡ್ಡ ಗಲಾಟೆಯೇನೂ ಆಗಲಿಲ್ಲ.

ಮುಚ್ಚಿದ್ದೇಕೆ? ಇಲ್ಲಿ ಆ ಹಳೆಯ ಮೀಟರ್ ಗೇಜಿನ ತಲೆನೋವು ಹಿಂದಿರುಗುತ್ತದೆ. ದೇಶದಲ್ಲಿ ಎರಡು ಅಳತೆಯ ಹಳಿಗಳಿದ್ದರೆ ಅವು ಸೇರುವಲ್ಲೆಲ್ಲ ಸರಕನ್ನು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕು. ಸಮಯ ನಷ್ಟ, ಕೂಲಿ ಖರ್ಚು, ಮೂಟೆ ಹರಿಯುವುದು, ಸೋರುವುದು. 1992ರಲ್ಲಿ ರೈಲ್ವೆ ಇಡೀ ದೇಶಕ್ಕೆ ಒಂದೇ ಅಳತೆ, ಬ್ರಾಡ್ ಗೇಜ್, ಎಂಬ ಧೋರಣೆ ಹಿಡಿಯಿತು. ಮೈಸೂರು, ಅರಸೀಕೆರೆಯ ಕಡೆಯ ಹಳಿಗಳೂ ಆ ದಶಕದಲ್ಲಿ ಅಗಲವಾದವು. ಬಯಲಿನಲ್ಲಿ ಈ ಕೆಲಸ ಹೆಚ್ಚುಕಡಿಮೆ ತಿಂಗಳುಗಳದ್ದು. ಘಟ್ಟದಲ್ಲಿ ಹಾಗಲ್ಲ. ಕಿರಿಯ ಗಾಡಿಯ ಮೈಗೆ ಸರಿಯಾಗಿದ್ದ ಸುರಂಗ, ಸೇತುವೆ, ತಿರುವುಗಳನ್ನು ಹಿರಿಯ ಗಾಡಿಯ ಮೈಗೂ ಭಾರಕ್ಕೂ ಹೊಂದುವಂತೆ ಮಾಡಬೇಕು. ಮುಂಗಾರು ಹಿಡಿದರೆ ಕೆಲಸ ನಿಲ್ಲುತ್ತದೆ. ಘಟ್ಟದ ಪಶ್ಚಿಮದ ಮೈಮೇಲೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಹಾಸನ ಪಟ್ಟಣದಲ್ಲಿ ಸಾವಿರವೂ ತುಂಬದು. ಹಾಸನದಲ್ಲಿ ಕುಳಿತು ಲೆಕ್ಕ ಹಾಕಿದವರಿಗೆ ಎಡಕುಮೇರಿಯ ಮಳೆ ಅರ್ಥವಾಗುವುದಿಲ್ಲ.

ಆ ನಡುವೆ, 1998ರಲ್ಲಿ, ಕೊಂಕಣ ರೈಲು ಓಡಿತು. ಮಂಗಳೂರಿನವರು ಮುಂಬೈಗೆ ನೇರ ಹೋಗುವಂತಾಯಿತು; ತಮ್ಮದೇ ರಾಜಧಾನಿಗೆ ಮಾತ್ರ ರೈಲಿನಲ್ಲಿ ಹೋಗಬೇಕೆಂದರೆ ಮತ್ತೆ ಕೇರಳ ಸುತ್ತಬೇಕು. ಕೊನೆಗೆ ಕೇಂದ್ರ ರೈಲ್ವೆ ಮತ್ತು ರಾಜ್ಯ ಸರ್ಕಾರ ಸೇರಿ 2003ರಲ್ಲಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿಯನ್ನು ಹುಟ್ಟುಹಾಕಿದವು. ಬಂದರೂ ಅದಕ್ಕೆ ಬಂಡವಾಳ ಹಾಕಿತು. 2006ರ ಮೇ ತಿಂಗಳಲ್ಲಿ ಘಟ್ಟದಲ್ಲಿ ಮತ್ತೆ ಗಾಡಿ ಓಡಿತು. ಓಡಿದ್ದು ಗೂಡ್ಸ್. ಪ್ರಯಾಣಿಕರ ಗಾಡಿ ಬಂದದ್ದು 2007ರ ಡಿಸೆಂಬರ್‌ನಲ್ಲಿ. ಅದಿರು ಮೊದಲು, ಜನ ಆಮೇಲೆ. ಬಂದರಿನ ಹಣವೂ ಸೇರಿದ ಹಳಿಯಲ್ಲಿ ಈ ಸರದಿ ಸಹಜವೇ ಇರಬಹುದು. ಆದರೂ ಅದಿರು ಹೋಗಬಹುದಾದ ಸುರಂಗದಲ್ಲಿ ಅಜ್ಜಿ ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೋಗಲಾರಳು ಎಂಬುದನ್ನು ಒಂದೂವರೆ ವರ್ಷ ವಿವರಿಸುವುದು ನಮ್ಮ ಮನೆಯಲ್ಲಿ ಸುಲಭವಾಗಿರಲಿಲ್ಲ.

ಈಗ ಅದೇ ದಾರಿಯಲ್ಲಿ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಗಳು ಓಡುತ್ತವೆ, 2021ರ ಜುಲೈನಿಂದ. ಗುಡ್ಡ ಮಾತ್ರ ಯಾರಿಗೂ ಪೂರ್ತಿ ಒಗ್ಗಿಲ್ಲ. 2018ರ ಆಗಸ್ಟ್‌ನಲ್ಲಿ ಘಾಟಿಯ ಉದ್ದಕ್ಕೂ ಮಣ್ಣು ಕುಸಿದು ಸಂಚಾರ ವಾರಗಟ್ಟಲೆ ನಿಂತಿತು. 2024ರ ಜುಲೈನಲ್ಲಿ ಕಡಗರವಳ್ಳಿ ಮತ್ತು ಎಡಕುಮೇರಿಯ ನಡುವೆ ಹಳಿಯ ಕೆಳಗಿನ ನೆಲವೇ ಜಾರಿತು. ಹಳಿ ಹಾಕಲು ಗುಡ್ಡದ ಬುಡ ಕಡಿದಾಗ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಬಿಡದೆ ಸುರಿದ ನೀರು ಆ ಮಣ್ಣಿನಲ್ಲಿ ತುಂಬಿಕೊಂಡು ಭಾರವನ್ನೂ ಹೆಚ್ಚಿಸುತ್ತದೆ, ಕಣಗಳ ಹಿಡಿತವನ್ನೂ ಸಡಿಲಿಸುತ್ತದೆ. ಅಂಥ ದಿನಗಳಲ್ಲಿ ಹಾಸನದ ಧ್ವನಿವರ್ಧಕ ಗಾಡಿಗಳ ರದ್ದತಿಯನ್ನು ಓದುತ್ತಿದ್ದರೆ, ಹವಾಮಾನ ವರದಿ ಕೇಳಿದಂತೆಯೇ ಇರುತ್ತದೆ.

ಪೂರ್ವಕ್ಕೆ, ಕೊನೆಗೂ

ಬೆಂಗಳೂರಿಗೆ ನೇರ ಹಳಿಯ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1996–97ರಲ್ಲಿ. ಹೊಳೆನರಸೀಪುರದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದ ಹೊತ್ತು ಅದು. ಹಾಸನಕ್ಕಾಗಿಯೇ ಎಂದು ಹಾಕಿದ ಹಳಿ ಇದೊಂದೇ ಎನ್ನಬಹುದು. ಆದರೆ ಪ್ರಧಾನಿಯ ಜಿಲ್ಲೆಯ ಹಳಿಯೂ ನೆಲ ಸ್ವಾಧೀನವಾಗದೆ, ವರ್ಷವರ್ಷದ ಬಜೆಟ್ಟಿನಲ್ಲಿ ಹಣ ಬಾರದೆ ಮುಂದೆ ಹೋಗುವುದಿಲ್ಲ. ಹಾಸನ–ಶ್ರವಣಬೆಳಗೊಳ ತುಂಡು 2006ರ ಮಹಾಮಸ್ತಕಾಭಿಷೇಕದ ಹೊತ್ತಿಗೆ ಮುಗಿಯಿತು. ಬಾಹುಬಲಿಗೆ ಹನ್ನೆರಡು ವರ್ಷಕ್ಕೊಮ್ಮೆ ಬರುವ ಮುಹೂರ್ತ ಒಂದು ಕಡೆಯಿಂದ ದೂಡಿತು ಎನ್ನಿ. ಉಳಿದದ್ದಕ್ಕೆ ಅಂಥ ಗಡುವು ಇರಲಿಲ್ಲ. ಕುಣಿಗಲ್, ನೆಲಮಂಗಲದ ಕಡೆಯ ಭಾಗ ಸೇರಿ ದಾರಿ ಪೂರ್ಣವಾಗಿ, 2017ರ ಮಾರ್ಚ್ 26ರಂದು ಯಶವಂತಪುರ–ಹಾಸನ ಗಾಡಿ ಹೊರಟಿತು. ಇಪ್ಪತ್ತೊಂದು ವರ್ಷದ ಕೂಸು. ಬೆಳಿಗ್ಗೆ ಹೊರಟು ಬೆಂಗಳೂರಿನಲ್ಲಿ ಕೆಲಸ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬರುವುದು ಹಾಸನದವರಿಗೆ ರೈಲಿನಲ್ಲಿ ಸಾಧ್ಯವಾದದ್ದು ಆಮೇಲೆ.

ಅದೇ 1996–97ರ ಪಟ್ಟಿಯಲ್ಲಿ ಕಡೂರಿನಿಂದ ಚಿಕ್ಕಮಗಳೂರಿನ ಮೇಲೆ ಸಕಲೇಶಪುರಕ್ಕೆ ಇನ್ನೊಂದು ಗೆರೆಯೂ ಇತ್ತು. ಅದರ ಮೊದಲ 46 ಕಿಲೋಮೀಟರ್, ಸಖರಾಯಪಟ್ಟಣದ ಮೇಲೆ, 2013ರ ನವೆಂಬರ್‌ನಲ್ಲಿ ತೆರೆಯಿತು. ಕಡೂರಿಗೆ ರೈಲು ಬಂದದ್ದು 1889ರಲ್ಲಿ. ಅಲ್ಲಿಂದ ಚಿಕ್ಕಮಗಳೂರಿಗೆ ಬರಲು ಅದಕ್ಕೆ 124 ವರ್ಷ ಹಿಡಿಯಿತು. ನಡುವೆ 1978ರಲ್ಲಿ ಇಂದಿರಾ ಗಾಂಧಿ ಅದೇ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಹೋದರು; ಹಳಿಗೆ ಅದರಿಂದ ಅವಸರವೇನೂ ಆಗಲಿಲ್ಲ. ಮುಂದಿನ ಭಾಗವನ್ನು ಸಕಲೇಶಪುರದ ಬದಲು ಬೇಲೂರಿನ ಮೇಲೆ ಹಾಸನಕ್ಕೇ ಸೇರಿಸುವ ಯೋಚನೆ ಈಚಿನದು. ಅದಾದರೆ ನಮ್ಮ ನಿಲ್ದಾಣಕ್ಕೆ ಐದನೆಯ ಕವಲು.

ಸದ್ಯಕ್ಕೆ ಹಾಸನದಿಂದ ಚಿಕ್ಕಮಗಳೂರಿಗೆ ರೈಲಿನಲ್ಲೇ ಹೋಗಬೇಕೆನ್ನುವವರು ಮೊದಲು ವಿಶ್ವೇಶ್ವರಯ್ಯನವರ ಕಾಲದ ಹಳಿಯಲ್ಲಿ ಅರಸೀಕೆರೆಗೆ ಹೋಗಬೇಕು. ಅಲ್ಲಿಂದ ಬರಗಾಲದ ಹಳಿಯಲ್ಲಿ ಕಡೂರಿಗೆ. ಅಲ್ಲಿಂದ 2013ರ ಹಳಿಯಲ್ಲಿ ಹಿಂದಕ್ಕೆ. ಒಟ್ಟು ಸುಮಾರು 130 ಕಿಲೋಮೀಟರ್, ಅದರ ಮೇಲೆ ಗಾಡಿ ಬದಲಿಸಲು ಕಾಯುವ ಹೊತ್ತು. ಬೇಲೂರಿನ ಮೇಲೆ ರಸ್ತೆಯಲ್ಲಿ ಹೋದರೆ ಇದರ ಅರ್ಧ ದೂರವೂ ಇಲ್ಲ. ಕಳೆದ ಬಾರಿ ನಾನು ಈ ಮೂರೂ ಹಳಿಗಳನ್ನು ಒಂದೇ ದಿನ ನೋಡಿ ಬರೋಣವೆಂದು ಕೈಯಲ್ಲಿ ಟಿಪ್ಪಣಿ ಪುಸ್ತಕ ಹಿಡಿದು ನಿಲ್ದಾಣಕ್ಕೆ ಹೋದವನು, ವೇಳಾಪಟ್ಟಿಯ ಮುಂದೆ ಹತ್ತು ನಿಮಿಷ ನಿಂತು, ಆಟೊ ಹತ್ತಿ ಬಸ್ ನಿಲ್ದಾಣಕ್ಕೆ ಹೋದೆ.